ಶಿವಗಂಗೆ ಬೆಟ್ಟ ಹತ್ತೋಣ ಬನ್ನಿ

ಅಕ್ಕಂದಿರೇ, ಬೆಟ್ಟ ಹತ್ತೋದು ನಮಗೆ ಹೊಸದಲ್ಲ. ಹರಕೆ ಹೊತ್ತು ಹತ್ತಿದ್ದೀವಿ. ಸೌದೆಗೆ ಅಂತ ಹತ್ತಿದ್ದೀವಿ. ಕುರಿ ಮೇಯಿಸೋಕೆ ಹೋದವರೂ ನಮ್ಮಲ್ಲಿ ಇದ್ದಾರೆ. ಆದರೆ ಹೇಗೆ ಹತ್ತಬೇಕು, ಎಲ್ಲಿ ನಿಲ್ಲಬೇಕು, ಯಾಕೆ ಕಾಲು ಜಾರುತ್ತೆ ಅಂತ ಯಾರೂ ನಮಗೆ ಕೂರಿಸಿ ಹೇಳಿಕೊಡಲಿಲ್ಲ. "ಹುಷಾರಾಗಿ ಹೋಗು" ಅಂದರು, ಅಷ್ಟೇ. ಹುಷಾರು ಅಂದ್ರೆ ಏನು? ಅದನ್ನೇ ಇಲ್ಲಿ ಬಿಡಿಸಿ ಹೇಳ್ತೀನಿ.

ನಾವು ಬೆಂಗಳೂರಿನ ಉತ್ತರ ಭಾಗದವರು. ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರ ನಮ್ಮ ಊರು. ನಮಗೆ ಎರಡು ದೊಡ್ಡ ಬೆಟ್ಟ ಹತ್ತಿರ. ಒಂದು ನಂದಿಬೆಟ್ಟ. ಮಳೆ ಬಂದು ಆಕಾಶ ತಿಳಿಯಾದ ದಿನ ಯಲಹಂಕದ ಎತ್ತರದ ಮಾಳಿಗೆಯಿಂದ ಉತ್ತರಕ್ಕೆ ನೋಡಿದರೆ ಅದು ನೀಲಿಯಾಗಿ ಕಾಣುತ್ತೆ. ಇನ್ನೊಂದು ಶಿವಗಂಗೆ. ಯಶವಂತಪುರದಿಂದ ತುಮಕೂರು ರಸ್ತೆ ಹಿಡಿದು, ನೆಲಮಂಗಲ ದಾಟಿ, ಡಾಬಸ್‌ಪೇಟೆಗೆ ಬಂದರೆ ಎಡಗಡೆಗೆ ಆ ಬೆಟ್ಟ ಎದ್ದು ನಿಂತಿರುತ್ತೆ. ಬೆಂಗಳೂರಿನಿಂದ ಸುಮಾರು 55 ಕಿಲೋಮೀಟರ್. ನಂದಿಬೆಟ್ಟದ ಎತ್ತರ ಸಮುದ್ರದಿಂದ 1,478 ಮೀಟರ್. ಶಿವಗಂಗೆ 1,300 ಮೀಟರಿಗಿಂತ ಹೆಚ್ಚು. ನಮ್ಮ ಬೆಂಗಳೂರೇ 900 ಮೀಟರ್ ಎತ್ತರದಲ್ಲಿದೆ. ಹಾಗಾಗಿ ನಾವು ಹತ್ತೋದು ಮೇಲಿನ ಭಾಗ ಮಾತ್ರ. ಅದೇ ಸಾಕು ಸುಸ್ತಾಗೋಕೆ!

ನಂದಿಬೆಟ್ಟಕ್ಕೆ ಈಗ ಮೇಲಿನವರೆಗೂ ಡಾಂಬರು ರಸ್ತೆ ಇದೆ. ಹಳೇ ಮೆಟ್ಟಿಲು ದಾರಿಯೂ ಇದೆ, ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಶಿವಗಂಗೆಗೆ ಅಂಥ ರಸ್ತೆ ಇಲ್ಲ. ಕಾಲೇ ಗತಿ. ಅದಕ್ಕೇ ಶಿವಗಂಗೆಯನ್ನೇ ಇಟ್ಕೊಂಡು ಮಾತಾಡೋಣ.

ಬೆಟ್ಟದ ಪರಿಚಯ

ಶಿವಗಂಗೆ ಇರೋದು ನೆಲಮಂಗಲ ತಾಲ್ಲೂಕಿನಲ್ಲಿ. ಪೂರ್ವದಿಂದ ನೋಡಿದರೆ ಬಸವನ ಹಾಗೆ, ಪಶ್ಚಿಮದಿಂದ ಗಣಪತಿ ಹಾಗೆ, ಉತ್ತರದಿಂದ ಸರ್ಪದ ಹಾಗೆ, ದಕ್ಷಿಣದಿಂದ ಲಿಂಗದ ಹಾಗೆ ಕಾಣುತ್ತೆ ಅಂತಾರೆ. ದಕ್ಷಿಣ ಕಾಶಿ ಅಂತಲೂ ಕರೀತಾರೆ. ಅರ್ಧ ಬೆಟ್ಟದಲ್ಲಿ ಗಂಗಾಧರೇಶ್ವರನ ಗುಡಿ ಇದೆ. ಪಕ್ಕದಲ್ಲೇ ಹೊನ್ನಾದೇವಿ. ಲಿಂಗದ ಮೇಲೆ ತುಪ್ಪ ಉಜ್ಜಿದರೆ ಬೆಣ್ಣೆ ಆಗುತ್ತೆ ಅನ್ನೋ ನಂಬಿಕೆ ಇದೆ. ಸಂಕ್ರಾಂತಿಗೆ ಇಲ್ಲಿ ದೇವರ ಮದುವೆ ನಡೆಯುತ್ತೆ. ಆಗ ಜನವೋ ಜನ.

ಇನ್ನೊಂದು ವಿಷಯ ನಿಮಗೆ ಗೊತ್ತಿರಲಿ. ಕುಮುದ್ವತಿ ಅನ್ನೋ ಹೊಳೆ ಹುಟ್ಟೋದು ಈ ಬೆಟ್ಟದಲ್ಲೇ. ಅರ್ಕಾವತಿ ಹುಟ್ಟೋದು ನಂದಿಬೆಟ್ಟದಲ್ಲಿ. ಎರಡೂ ತಿಪ್ಪಗೊಂಡನಹಳ್ಳಿಯಲ್ಲಿ ಸೇರ್ತವೆ. ಕಾವೇರಿ ನೀರು ಬರೋ ಮುಂಚೆ ಬೆಂಗಳೂರಿನ ನಲ್ಲಿಗಳಲ್ಲಿ ಬರ್ತಿದ್ದದ್ದು ಈ ಬೆಟ್ಟಗಳ ನೀರು. 1890ರ ದಶಕದಲ್ಲಿ ಹೆಸರಘಟ್ಟ ಕೆರೆಯಿಂದ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ. ನಮ್ಮ ಅಜ್ಜಿಯರು ಬಿಂದಿಗೆ ಇಟ್ಟು ಹಿಡಿದದ್ದು ಅದೇ ನೀರು.

ಬಸ್ಸಿನ ವಿಷಯ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತಲ್ಲ, ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಡಾಬಸ್‌ಪೇಟೆವರೆಗೆ ತುಮಕೂರು ಕಡೆಯ ಬಸ್ಸು ಸಿಗುತ್ತೆ. ಅಲ್ಲಿಂದ ಬೆಟ್ಟದ ಬುಡಕ್ಕೆ ಏಳೆಂಟು ಕಿಲೋಮೀಟರ್. ಬಸ್ಸೋ ಆಟೋನೋ ಹಿಡೀಬೇಕು. ಹೋಗುವಾಗಲೇ ಕೊನೇ ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿಕೊಳ್ಳಿ. ಬೋರ್ಡು ನೀವೇ ಓದಿ.

ನಡೆಯೋದು ಬೇರೆ, ತೆವಳೋದು ಬೇರೆ

ಶಿವಗಂಗೆಯಲ್ಲಿ ಮೂರು ಥರದ ದಾರಿ ಇದೆ. ಮೊದಲು ಅಗಲವಾದ ಮೆಟ್ಟಿಲು. ಇದನ್ನ ಮಕ್ಕಳೂ ಹತ್ತುತ್ತಾರೆ, ಮುದುಕರೂ ಹತ್ತುತ್ತಾರೆ. ಗಂಗಾಧರೇಶ್ವರನ ಗುಡಿ ದಾಟಿದ ಮೇಲೆ ಏರು ಜಾಸ್ತಿ ಆಗುತ್ತೆ. ಆಮೇಲೆ ಒಳಕಲ್ಲು ತೀರ್ಥ ಬರುತ್ತೆ. ಅಲ್ಲಿಂದ ಮೇಲೆ ಬರೀ ಬಂಡೆ. ಬಂಡೆಯಲ್ಲೇ ಕಡಿದ ಸಣ್ಣ ಸಣ್ಣ ಮೆಟ್ಟಿಲು. ಅರ್ಧ ಪಾದ ಮಾತ್ರ ಹಿಡಿಸುತ್ತೆ. ಪಕ್ಕದಲ್ಲಿ ಕಬ್ಬಿಣದ ಕಂಬಿ. ಇಲ್ಲಿ ಬರೀ ಕಾಲು ಸಾಲದು, ಕೈಯೂ ಬೇಕು. ಅಂಬೆಗಾಲಿಡೋ ಮಗು ಹೇಗೆ ಹೊಸ್ತಿಲು ದಾಟುತ್ತೋ ಹಾಗೆ ಹತ್ತಬೇಕು.

ಒಳಕಲ್ಲು ತೀರ್ಥದ ಬಗ್ಗೆ ಒಂದು ಮಾತು. ಒಳಕಲ್ಲು ಅಂದ್ರೆ ಒರಳು. ಬಂಡೆಯಲ್ಲಿ ಒರಳಿನ ಹಾಗೆ ಒಂದು ಗುಂಡಿ ಇದೆ. ಕೈ ಇಳಿಸಿದರೆ ನೀರು ಸಿಗುತ್ತೆ. ಪುಣ್ಯವಂತರಿಗೆ ಮಾತ್ರ ಸಿಗುತ್ತೆ ಅಂತ ಹೇಳ್ತಾರೆ. ಸಿಗದೇ ಹೋದ ಹೆಂಗಸು ಮುಖ ಸಣ್ಣ ಮಾಡ್ಕೊಂಡು ಬರೋದನ್ನ ನಾನು ನೋಡಿದ್ದೀನಿ. ಜೊತೆಯವರು ಏನಾದರೂ ಅಂದೇ ಅಂತಾರೆ. ಯೋಚನೆ ಮಾಡಿ. ಮಳೆನೀರು ಬಂಡೆಯ ಸೀಳುಗಳಲ್ಲಿ ಇಳಿದು ನಿಲ್ಲುತ್ತೆ. ಮಳೆಗಾಲದಲ್ಲಿ ಮೇಲೆ, ಬೇಸಿಗೆಯಲ್ಲಿ ಕೆಳಗೆ. ಉದ್ದ ಕೈಯವರಿಗೆ ಎಟುಕುತ್ತೆ, ಗಿಡ್ಡ ಕೈಯವರಿಗೆ ಎಟುಕಲ್ಲ. ಕೈ ಉದ್ದಕ್ಕೂ ಪುಣ್ಯಕ್ಕೂ ಏನು ಸಂಬಂಧ?

ಈ ಕಲ್ಲು ಹೀಗೆ ಯಾಕಿದೆ?

ಬಂಡೆ ಮೇಲೆ ಕಾಲಿಡೋ ಮುಂಚೆ ಬಂಡೆಯ ಗುಣ ತಿಳೀಬೇಕು. ರಾಮನಗರ, ಸಾವನದುರ್ಗ, ಶಿವಗಂಗೆ, ಇವೆಲ್ಲ ಒಂದೇ ಸಾಲಿನ ಕಲ್ಲು. ನೆಲದ ಆಳದಲ್ಲಿ ಕಾದು ಕರಗಿದ್ದ ಕಲ್ಲು ನಿಧಾನವಾಗಿ ತಣ್ಣಗಾಗಿ ಗಟ್ಟಿಯಾಯಿತು. ಅದಾಗಿ ಸುಮಾರು 250 ಕೋಟಿ ವರ್ಷ ಆಯಿತು. ಮೇಲಿನ ಮಣ್ಣು, ಕಲ್ಲು ಮಳೆ ಗಾಳಿಗೆ ಸವೆದು ಹೋದ ಮೇಲೆ ಒಳಗಿದ್ದ ಬಂಡೆ ಹೊರಗೆ ಬಂತು. ಲಾಲ್‌ಬಾಗಿನ ಬಂಡೆ ನೋಡಿದ್ದೀರಲ್ಲ, ಅದು ಇನ್ನೂ ಹಳೇದು. ಸುಮಾರು 300 ಕೋಟಿ ವರ್ಷ.

ಮೇಲಿನ ಭಾರ ಹೋದಾಗ ಬಂಡೆ ಸ್ವಲ್ಪ ಉಬ್ಬುತ್ತೆ. ಹಗಲು ಕಾಯುತ್ತೆ, ರಾತ್ರಿ ಆರುತ್ತೆ. ಹೀಗೆ ಆಗಿ ಆಗಿ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಏಳುತ್ತೆ. ಅದಕ್ಕೇ ನಮ್ಮ ಬೆಟ್ಟಗಳ ತಲೆ ಬೋಳು, ಗುಂಡು. ಈ ಪದರ ಕೆಲವು ಕಡೆ ಬಂಡೆಗೆ ಅಂಟಿದ ಹಾಗೆ ಕಾಣುತ್ತೆ, ಆದರೆ ಅಂಟಿರಲ್ಲ. ಕೈ ಹಾಕಿ ಎಳೆದರೆ ಕೈಗೇ ಬರುತ್ತೆ. ಹೇಗೆ ಗೊತ್ತಾಗಬೇಕು? ಸಂತೆಯಲ್ಲಿ ಮಡಕೆ ಕೊಳ್ಳುವಾಗ ಏನು ಮಾಡ್ತೀರಿ? ಬೆರಳಿನಿಂದ ತಟ್ಟಿ ನೋಡ್ತೀರಿ. ಒಡಕು ಮಡಕೆ ಬೇರೆ ಸದ್ದು ಮಾಡುತ್ತೆ. ಬಂಡೆಯೂ ಹಾಗೆ. ಹಿಡಿಯೋ ಮುಂಚೆ ಅಂಗೈಯಿಂದ ತಟ್ಟಿ. ಗಟ್ಟಿ ಸದ್ದಾದರೆ ಹಿಡೀರಿ. ಡಬ ಡಬ ಅಂತ ಟೊಳ್ಳು ಸದ್ದಾದರೆ ಬಿಡಿ.

ಬಂಡೆ ಮೇಲೆ ಕಪ್ಪು ಪಟ್ಟೆ ಪಟ್ಟೆ ಕಾಣುತ್ತೆ. ಯಾರೋ ಬಣ್ಣ ಸುರಿದ ಹಾಗೆ. ಅದು ಮಳೆನೀರು ಇಳಿಯೋ ಜಾಡು. ಅಲ್ಲಿ ಕಣ್ಣಿಗೆ ಕಾಣದ ಪಾಚಿ ಬೆಳೆದಿರುತ್ತೆ. ಒಣಗಿದ್ದಾಗ ಕಾಲು ಹಿಡಿಯುತ್ತೆ. ಒಂದು ಹನಿ ನೀರು ಬಿದ್ದರೆ ಬಚ್ಚಲ ಕಲ್ಲಿನ ಹಾಗೆ ಜಾರುತ್ತೆ. ಮಳೆ ಬಂದಾಗ ಆ ಪಟ್ಟೆ ಮೇಲೆ ಕಾಲಿಡಲೇಬೇಡಿ.

ಕಾಲು ಯಾಕೆ ಜಾರುತ್ತೆ?

ಒಂದು ಮೊರ ತಗೊಳ್ಳಿ. ಮೇಲೆ ಒಂದು ಬೆಲ್ಲದ ಅಚ್ಚು ಇಡಿ. ಮೊರದ ಒಂದು ತುದಿ ನಿಧಾನವಾಗಿ ಎತ್ತಿ. ಸ್ವಲ್ಪ ಹೊತ್ತು ಬೆಲ್ಲ ಅಲ್ಲೇ ಕೂತಿರುತ್ತೆ. ಒಂದು ಮಟ್ಟ ದಾಟಿದ ಮೇಲೆ ಸರ್ ಅಂತ ಜಾರುತ್ತೆ. ಈಗ ಮೊರದ ಮೇಲೆ ಒಂದು ಹಿಡಿ ರಾಗಿ ಚೆಲ್ಲಿ, ಅದರ ಮೇಲೆ ಅದೇ ಬೆಲ್ಲ ಇಡಿ. ಎತ್ತುತ್ತಿದ್ದ ಹಾಗೇ ಜಾರಿಬಿಡುತ್ತೆ. ರಾಗಿ ಕಾಳು ಗಾಲಿಯ ಹಾಗೆ ಉರುಳಿದವು.

ಬೆಟ್ಟದಲ್ಲಿ ಮೊರ ಅಂದ್ರೆ ಬಂಡೆ. ಬೆಲ್ಲದ ಅಚ್ಚು ಅಂದ್ರೆ ನಮ್ಮ ಪಾದ. ರಾಗಿ ಅಂದ್ರೆ ಬಂಡೆ ಮೇಲಿನ ಮರಳು, ನುರುಜುಗಲ್ಲು, ಒಣಗಿದ ಎಲೆ. ಬರೀ ಬಂಡೆ ನೋಡಿ ಹೆದರ್ತೀವಿ, ಮರಳಿನ ಮೇಲೆ ಧೈರ್ಯವಾಗಿ ಕಾಲಿಡ್ತೀವಿ. ಅದು ತಿರುಗುಮುರುಗು. ಒಣ ಬೋಳು ಬಂಡೆಯೇ ವಾಸಿ.

ಇನ್ನೊಂದು. ಏರು ಬಂಡೆಯಲ್ಲಿ ಹೆದರಿಕೆ ಆದಾಗ ಏನು ಮಾಡ್ತೀವಿ? ಬಂಡೆಯನ್ನ ತಬ್ಬಿಕೊಳ್ತೀವಿ. ಎದೆ, ಹೊಟ್ಟೆ ಎಲ್ಲ ಬಂಡೆಗೆ ಅಂಟಿಸ್ತೀವಿ. ಆಗ ಕಾಲು ಹಿಂದಕ್ಕೆ ಜಾರುತ್ತೆ. ಯಾಕೆ? ಏಣಿಯನ್ನ ಗೋಡೆಗೆ ತುಂಬಾ ಓರೆಯಾಗಿ ಒರಗಿಸಿದರೆ ಬುಡ ಜಾರುತ್ತಲ್ಲ, ಹಾಗೆ. ಮೈಭಾರ ಪಾದದ ಮೇಲೆ ನೇರವಾಗಿ ಬಿದ್ದರೆ ಪಾದ ಬಂಡೆಯನ್ನ ಒತ್ತಿ ಹಿಡಿಯುತ್ತೆ. ಭಾರವನ್ನ ಕೈಗೂ ಹೊಟ್ಟೆಗೂ ಹಂಚಿದರೆ ಪಾದಕ್ಕೆ ಒತ್ತು ಸಾಲದು. ಆದ್ದರಿಂದ ಸೊಂಟ ಬಂಡೆಯಿಂದ ಸ್ವಲ್ಪ ಆಚೆ ಇರಲಿ. ಹಿಮ್ಮಡಿ ಎತ್ತಬೇಡಿ. ಪಾದದ ಮುಂಭಾಗ ಪೂರ್ತಿ ಊರಿ. ತಲೆ ಮೇಲೆ ಕೊಡ ಹೊತ್ತು ನಡೆಯೋ ಹೆಂಗಸಿಗೆ ಇದನ್ನ ಯಾರೂ ಹೇಳಿಕೊಡಬೇಕಿಲ್ಲ. ಭಾರ ನೇರ ಇಳಿಸೋದು ಅವಳಿಗೆ ಗೊತ್ತು.

ಮೂರು ಊರಿ ಒಂದು ಎತ್ತಿ

ಬಂಡೆ ಹತ್ತೋರೆಲ್ಲ ಕಲಿಯೋ ಮೊದಲ ಪಾಠ ಇದು. ನಮಗೆ ಎರಡು ಕೈ, ಎರಡು ಕಾಲು. ಒಟ್ಟು ನಾಲ್ಕು. ಯಾವಾಗಲೂ ಮೂರು ಬಂಡೆ ಮೇಲೆ ಊರಿರಬೇಕು. ಒಂದು ಮಾತ್ರ ಜಾಗ ಬದಲಾಯಿಸಬೇಕು. ಅದು ಗಟ್ಟಿಯಾಗಿ ಕೂತ ಮೇಲೆ ಇನ್ನೊಂದು.

ಯಾಕೆ ಮೂರು? ಒಲೆ ನೋಡಿ. ಹೊಲದಲ್ಲಿ ಒಲೆ ಹೂಡುವಾಗ ಮೂರು ಕಲ್ಲು ಇಡ್ತೀವಿ. ಎರಡು ಕಲ್ಲಿನ ಮೇಲೆ ಮಡಕೆ ನಿಲ್ಲಲ್ಲ. ಮೂರು ಇದ್ದರೆ ನೆಲ ತಗ್ಗುದಿಣ್ಣೆ ಇದ್ದರೂ ನಿಲ್ಲುತ್ತೆ. ನಮ್ಮ ಮೈಯೂ ಒಂದು ಮಡಕೆ ಅಂದ್ಕೊಳ್ಳಿ.

ಕೈ ಇರೋದು ತೂಕ ಸರಿ ಮಾಡೋಕೆ. ಮೇಲಕ್ಕೆ ಎತ್ತೋ ಕೆಲಸ ಕಾಲಿನದು. ಕೈಯಿಂದ ಮೈ ಎಳೆದುಕೊಂಡು ಹತ್ತಿದರೆ ಹತ್ತು ನಿಮಿಷದಲ್ಲಿ ತೋಳು ನಡುಗುತ್ತೆ. ತೊಡೆಯಲ್ಲಿ ಇರೋ ಬಲ ತೋಳಿನಲ್ಲಿ ಇಲ್ಲ. ಮೊಣಕಾಲು ಊರಬೇಡಿ. ಊರಿದರೆ ಎದ್ದೇಳೋದು ಕಷ್ಟ, ಚಿಪ್ಪೂ ತರಚುತ್ತೆ.

ಕಬ್ಬಿಣದ ಕಂಬಿ ಇದ್ದರೆ ಹಿಡೀರಿ. ಆದರೆ ಪೂರ್ತಿ ಜೋತು ಬೀಳಬೇಡಿ. ಮೊದಲು ಅಲ್ಲಾಡಿಸಿ ನೋಡಿ. ಬಿಸಿಲಲ್ಲಿ ಕಂಬಿ ಕಾದಿರುತ್ತೆ. ಸೆರಗಿನ ತುದಿ ಸುತ್ತಿ ಹಿಡಿಯೋಣ ಅಂದರೆ ಬಟ್ಟೆ ಜಾರುತ್ತೆ. ಅದಕ್ಕೇ ಬಿಸಿಲು ಏರೋ ಮುಂಚೆ ಹೋಗಿ ಅನ್ನೋದು.

ಒಬ್ಬರ ಕೆಳಗೆ ಒಬ್ಬರು ಅಂಟಿಕೊಂಡು ಹತ್ತಬಾರದು. ಮೇಲಿನವರ ಕಾಲಿಂದ ಕಲ್ಲು ಉರುಳಿದರೆ ಕೆಳಗಿನವರ ತಲೆಗೆ. ಕಲ್ಲು ಉರುಳಿದರೆ "ಕಲ್ಲು! ಕಲ್ಲು!" ಅಂತ ಕೂಗಿ. ಕೆಳಗಿರೋರು ಮೇಲೆ ನೋಡಬೇಡಿ. ಬಂಡೆಗೆ ಒತ್ತಿಕೊಂಡು ತಲೆ ಬಗ್ಗಿಸಿ.

ಸೀರೆ, ಚಪ್ಪಲಿ, ಬುತ್ತಿ

"ಮಿಸ್ಸೇ, ಸೀರೆ ಉಟ್ಟು ಬಂಡೆ ಹತ್ತಬಹುದಾ?" ಎಲ್ಲರೂ ಕೇಳೋ ಪ್ರಶ್ನೆ ಇದು. ಹತ್ತಬಹುದು. ನಾಟಿ ಮಾಡುವಾಗ ಹೇಗೆ ಎತ್ತಿ ಕಟ್ಟುತ್ತೀರೋ ಹಾಗೆ ಕಚ್ಚೆ ಹಾಕಿ. ಸೆರಗು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ನೆರಿಗೆ ಕಾಲಿಗೆ ಸಿಕ್ಕಿಕೊಂಡರೆ ಮುಗೀತು. ಚೂಡಿದಾರ ಇದ್ದರೆ ಇನ್ನೂ ಒಳ್ಳೇದು. ದುಪಟ್ಟಾ ಅಡ್ಡ ಹಾಕಿ ಗಂಟು ಕಟ್ಟಿ. ಯಾರು ಏನಂದಾರು ಅಂತ ಯೋಚನೆ ಬೇಡ. ಅಂದವರು ಬೆಟ್ಟ ಹತ್ತಿಸೋಕೆ ಬರಲ್ಲ.

ಹವಾಯಿ ಚಪ್ಪಲಿ ಬೇಡವೇ ಬೇಡ. ಹಿಂದೆ ಪಟ್ಟಿ ಇಲ್ಲ, ಇಳಿಯುವಾಗ ಪಾದ ಮುಂದಕ್ಕೆ ಜಾರುತ್ತೆ. ತಳದಲ್ಲಿ ಗೀರು ಗೀರು ಇರೋ ರಬ್ಬರಿನ ಕ್ಯಾನ್ವಾಸ್ ಶೂ ಸಾಕು. ಹಳೇದಾಗಿ ತಳ ಸವೆದಿದ್ದರೆ ಬೇಡ. ಹರಕೆ ಇದ್ದವರು ಬರಿಗಾಲಲ್ಲಿ ಹತ್ತುತ್ತಾರೆ. ಬರಿಗಾಲು ಒಣ ಬಂಡೆಯನ್ನ ಚೆನ್ನಾಗಿ ಹಿಡಿಯುತ್ತೆ, ಅದು ನಿಜ. ಆದರೆ ಹತ್ತು ಗಂಟೆ ಮೇಲೆ ಬಂಡೆ ಕಾವಲಿಯ ಹಾಗೆ ಸುಡುತ್ತೆ.

ಕೈ ಖಾಲಿ ಇರಬೇಕು. ಬ್ಯಾಸ್ಕೆಟ್ಟು, ಕವರು, ಮೊಬೈಲು ಹಿಡಿದು ಬಂಡೆ ಹತ್ತೋಕಾಗಲ್ಲ. ಎಲ್ಲಾ ಬೆನ್ನಿಗೆ ಹಾಕೋ ಚೀಲದಲ್ಲಿ. ಮಕ್ಕಳ ಹಳೇ ಸ್ಕೂಲ್ ಬ್ಯಾಗು ಆದೀತು. ಕೋತಿಗಳಿಗೆ ಕವರು ಕಂಡರೆ ಸಾಕು, ಕಿತ್ತುಕೊಂಡು ಹೋಗ್ತವೆ. ಬಂಡೆ ಮೇಲೆ ಕೋತಿ ಜೊತೆ ಎಳೆದಾಡಬೇಡಿ. ಬುತ್ತಿ ಹೋದರೆ ಹೋಗಲಿ.

ನೀರು ತಲೆಗೆ ಎರಡು ಲೀಟರ್. ಭಾರ ಅಂತ ಬಿಟ್ಟು ಹೋಗಬೇಡಿ. ಬಂಡೆ ಮೇಲಿನಿಂದಲೂ ಬಿಸಿಲು, ಕೆಳಗಿನಿಂದಲೂ ಕಾವು. ಬೆವರಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತೆ. ತಲೆನೋವು, ತಲೆ ಸುತ್ತು, ವಾಕರಿಕೆ, ಕಾಲು ಹಿಡ್ಕೊಳ್ಳೋದು, ಇವು ಶುರುವಿನ ಗುರುತು. ನೆರಳಿಗೆ ಕೂರಿಸಿ. ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಹಾಕಿ ಕಲಸಿ, ಗುಟುಕು ಗುಟುಕಾಗಿ ಕುಡಿಸಿ. ಉಪ್ಪು ಹಾಕಿದ ಮಜ್ಜಿಗೆಯೂ ಒಳ್ಳೇದು. ಮಾತು ತೊದಲಿದರೆ, ಗೊಂದಲ ಆದರೆ ಅದು ದೊಡ್ಡ ಅಪಾಯ. ಬಟ್ಟೆ ಒದ್ದೆ ಮಾಡಿ ಮೈ ತಣಿಸುತ್ತಾ ಆಸ್ಪತ್ರೆಗೆ ಸಾಗಿಸಬೇಕು.

ಉಸಿರು ಕಟ್ಟಿದರೆ

ಹತ್ತುವಾಗ ಪಕ್ಕದವರ ಜೊತೆ ಮಾತಾಡೋಕೆ ಆಗೋ ಅಷ್ಟು ನಿಧಾನ ಹತ್ತಿ. ಮಾತು ತುಂಡಾಗ್ತಿದೆ ಅಂದ್ರೆ ವೇಗ ಹೆಚ್ಚಾಯ್ತು. ಓಡಿ ಹತ್ತಿ ಕೂರೋದಕ್ಕಿಂತ ನಿಲ್ಲದೆ ಮೆಲ್ಲಗೆ ಹೋಗೋದು ಸುಲಭ.

ಆದರೆ ಕೆಲವರಿಗೆ ಇಪ್ಪತ್ತು ಮೆಟ್ಟಿಲಿಗೇ ಎದೆ ಹೊಡ್ಕೊಳ್ಳುತ್ತೆ. "ವಯಸ್ಸಾಯ್ತು" ಅಂತ ಸುಮ್ಮನಾಗ್ತಾರೆ. ಮೂವತ್ತಕ್ಕೆ ಎಂಥಾ ವಯಸ್ಸು? ರಕ್ತ ಕಡಿಮೆ ಇರಬಹುದು. 2019–21ರಲ್ಲಿ ಸರ್ಕಾರ ದೇಶದಲ್ಲೆಲ್ಲ ಮನೆ ಮನೆಗೆ ಹೋಗಿ ಆರೋಗ್ಯ ಸಮೀಕ್ಷೆ ಮಾಡಿತು. ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು 48 ಜನಕ್ಕೆ ರಕ್ತ ಕಡಿಮೆ ಇತ್ತು. ಅಂದ್ರೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ಉಸಿರಾಡಿದ ಗಾಳಿಯನ್ನ ಕಾಲಿನ ಮಾಂಸಖಂಡಕ್ಕೆ ಹೊತ್ತು ಕೊಡೋದು ರಕ್ತದ ಕೆಂಪು. ಕೆಂಪು ಕಡಿಮೆ ಆದರೆ ಎಷ್ಟು ಉಸಿರಾಡಿದರೂ ಸಾಲದು. ಎದೆ ಡವಡವ ಅನ್ನುತ್ತೆ. ಇದು ಬೆಟ್ಟದಲ್ಲಿ ಎದ್ದು ಕಾಣುತ್ತೆ. ಮನೆಯಲ್ಲಿ ಕಾಣಲ್ಲ, ಬರೀ ಸುಸ್ತು ಅಂದ್ಕೊಂಡು ಕೆಲಸ ಮಾಡ್ತಾನೇ ಇರ್ತೀವಿ.

ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬೆರಳು ಚುಚ್ಚಿ ನೋಡ್ತಾರೆ. ಹೆಂಗಸರಿಗೆ 12 ಗ್ರಾಂ ಇರಬೇಕು, ಬಸುರಿಯರಿಗೆ 11. ಕಡಿಮೆ ಇದ್ದರೆ ಕಬ್ಬಿಣದ ಮಾತ್ರೆ ಕೊಡ್ತಾರೆ. ಮಾತ್ರೆ ನುಂಗಿದ ಕೂಡಲೇ ಕಾಫಿ, ಟೀ ಕುಡೀಬೇಡಿ. ಹೃದಯದ ತೊಂದರೆ, ಬಿ.ಪಿ., ಉಬ್ಬಸ ಇರೋರು, ಬಸುರಿಯರು ಡಾಕ್ಟರನ್ನ ಕೇಳದೆ ಒಳಕಲ್ಲಿನ ಮೇಲಕ್ಕೆ ಹೋಗಬಾರದು. ಗುಡಿಯವರೆಗೆ ಹೋಗಿ ಕೂತರೂ ಗಾಳಿ ಚೆನ್ನಾಗಿರುತ್ತೆ.

ಬಸವನ ಹತ್ತಿರ

ಮೇಲೆ ಬಂಡೆಯ ಅಂಚಿನಲ್ಲಿ ಒಂದು ಬಸವ ಇದೆ. ಬಂಡೆಯಲ್ಲೇ ಕಡೆದದ್ದು. ಸುತ್ತ ಒಬ್ಬರು ಹೋಗೋ ಅಷ್ಟು ಜಾಗ, ಆಚೆ ಕಂಬಿ, ಕಂಬಿಯ ಆಚೆ ಆಕಾಶ. ನೋಡಿದರೆ ಮೈ ಜುಮ್ ಅನ್ನುತ್ತೆ. ಅಷ್ಟು ಎತ್ತರದಲ್ಲಿ, ಆ ಅಂಚಿನಲ್ಲಿ ಕೂತು ಉಳಿ ಹಿಡಿದವರು ಯಾರೋ ಪುಣ್ಯಾತ್ಮರು! ಇನ್ನೂ ಮೇಲೆ ತುದಿ. ಒಂದು ಕಡೆ ಪ್ರಪಾತ. ಜನ ಅದನ್ನ ಶಾಂತಲಾ ಡ್ರಾಪ್ ಅಂತಾರೆ. ಹೊಯ್ಸಳ ರಾಜ ವಿಷ್ಣುವರ್ಧನನ ರಾಣಿ ಶಾಂತಲೆ ಇಲ್ಲಿಂದ ಹಾರಿಕೊಂಡಳು ಅನ್ನೋದು ಜನ ಹೇಳೋ ಕಥೆ. ಶ್ರವಣಬೆಳಗೊಳದ ಒಂದು ಶಾಸನದಲ್ಲಿ 1131ರಲ್ಲಿ ಅವಳು ಶಿವಗಂಗೆಯಲ್ಲಿ ತೀರಿಕೊಂಡಳು ಅಂತ ಇದೆ. ಅವಳು ನಾಟ್ಯ, ಸಂಗೀತ ಬಲ್ಲವಳು. ಗುಡಿ ಕಟ್ಟಿಸಿದವಳು. ಅವಳ ಹೆಸರು ಹೇಳಿದರೆ ಬರೀ ಪ್ರಪಾತ ನೆನಪಾಗೋದು ನನಗೆ ಸರಿ ಕಾಣಲ್ಲ.

ಅಂಚಿನ ವಿಷಯಕ್ಕೆ ಬರೋಣ. ಗುಂಡು ಬಂಡೆಯ ಅಂಚು ಕಪಾಟಿನ ಅಂಚಿನ ಹಾಗೆ ಚೌಕ ಇರಲ್ಲ. ಬೋರಲು ಹಾಕಿದ ಕಡಾಯಿಯ ಹಾಗೆ ಇರುತ್ತೆ. ನಡುವೆ ಸಮ, ಆಮೇಲೆ ಸ್ವಲ್ಪ ಇಳಿಜಾರು, ಇನ್ನೂ ಇಳಿಜಾರು, ಆಮೇಲೆ ಇಲ್ಲ. ಎಲ್ಲಿ ಅಪಾಯ ಶುರು ಅಂತ ಗೆರೆ ಎಳೆದು ಹೇಳೋಕಾಗಲ್ಲ. "ಇನ್ನೊಂದು ಹೆಜ್ಜೆ, ಫೋಟೋ ಚೆನ್ನಾಗಿ ಬರುತ್ತೆ" ಅನ್ನೋರು ಈ ಇಳಿಜಾರಿನಲ್ಲೇ ಜಾರೋದು. ಕಂಬಿ ಹಾಕಿದ್ದಾರೆ ಅಂದ್ರೆ ಅದೇ ಗೆರೆ. "ಎಚ್ಚರಿಕೆ", "ಪ್ರವೇಶ ನಿಷೇಧ", "ಮುಂದೆ ಹೋಗಬಾರದು" ಅಂತ ಬರೆದಿದ್ದರೆ ನಿಲ್ಲಿ. ಈಗ ನೀವು ಓದಬಲ್ಲಿರಿ. ಜೊತೆಯಲ್ಲಿರೋ ಹುಡುಗರಿಗೂ ಗಟ್ಟಿಯಾಗಿ ಓದಿ ಹೇಳಿ.

ನಂದಿಯಲ್ಲಿ ನಡೆದದ್ದು

2022ರ ಫೆಬ್ರವರಿ 20, ಭಾನುವಾರ. ನಂದಿಬೆಟ್ಟದ ಪಕ್ಕದ ಬ್ರಹ್ಮಗಿರಿ ಬಂಡೆಯಲ್ಲಿ 19 ವರ್ಷದ ಒಬ್ಬ ವಿದ್ಯಾರ್ಥಿ ಕಾಲು ಜಾರಿ ಸುಮಾರು 300 ಅಡಿ ಕೆಳಗೆ ಬಿದ್ದ. ಪುಣ್ಯಕ್ಕೆ ಬಂಡೆಯ ಒಂದು ಕಡೆ ಸಿಕ್ಕಿಕೊಂಡ. ಮೇಲೂ ಹತ್ತೋ ಹಾಗಿಲ್ಲ, ಕೆಳಗೂ ಇಳಿಯೋ ಹಾಗಿಲ್ಲ. ಸುದ್ದಿ ನಮ್ಮ ಯಲಹಂಕದ ವಾಯುಪಡೆ ನೆಲೆಗೆ ಹೋಯಿತು. ಅಲ್ಲಿಂದ ಹೆಲಿಕಾಪ್ಟರ್ ಹೊರಟಿತು. ಪೊಲೀಸರು ಕೆಳಗಿನಿಂದ ಗುರುತು ಹೇಳಿದರು. ಇಳಿಯೋಕೆ ಸಮ ಜಾಗವೇ ಇರಲಿಲ್ಲ. ಹೆಲಿಕಾಪ್ಟರ್ ಗಾಳಿಯಲ್ಲೇ ನಿಂತಿತು. ಒಬ್ಬ ಯೋಧನನ್ನ ಹಗ್ಗದಲ್ಲಿ ಬಾವಿಗೆ ಕೊಡ ಇಳಿಸೋ ಹಾಗೆ ಇಳಿಸಿದರು. ಆತ ಹುಡುಗನ ಹತ್ತಿರ ಹೋಗಿ, ಕಟ್ಟಿ, ಮೇಲಕ್ಕೆ ಎತ್ತಿಸಿದ. ಯಲಹಂಕಕ್ಕೆ ಕರೆತಂದು ಆಸ್ಪತ್ರೆಗೆ ಸೇರಿಸಿದರು. ಹುಡುಗ ಬದುಕಿಕೊಂಡ.

ಅದೇ ತಿಂಗಳು ಕೇರಳದ ಮಲಂಪುಳದ ಹತ್ತಿರವೂ ಹೀಗೇ ಆಯಿತು. ಒಬ್ಬ ಯುವಕ ಬಂಡೆಯ ಸಂದಿನಲ್ಲಿ 40 ಗಂಟೆಗೂ ಹೆಚ್ಚು ಹೊತ್ತು ಅನ್ನ ನೀರಿಲ್ಲದೆ ಕೂತಿದ್ದ. ಫೆಬ್ರವರಿ 9ರಂದು ಸೈನಿಕರು ಹಗ್ಗ ಕಟ್ಟಿ ಅವನನ್ನ ಎತ್ತಿದರು.

ಇಬ್ಬರೂ ಉಳಿದದ್ದು ಹೇಗೆ? ಸಿಕ್ಕಿಕೊಂಡ ಜಾಗದಲ್ಲೇ ಇದ್ದರು. ಹೆದರಿ ಇಳಿಯೋಕೆ ಹೋಗಿದ್ದರೆ ಕಥೆ ಬೇರೆ. ನೀವು ಎಲ್ಲಾದರೂ ಸಿಕ್ಕಿಕೊಂಡರೆ ಕೂತುಬಿಡಿ. ಸಿಗ್ನಲ್ ಇದ್ದರೆ 112ಕ್ಕೆ ಫೋನ್ ಮಾಡಿ. ಯಾವ ಬೆಟ್ಟ, ಯಾವ ಕಡೆ, ಹತ್ತಿರದಲ್ಲಿ ಏನಿದೆ, ಗುಡಿಯೋ ಕಂಬವೋ ಕೆರೆಯೋ, ಎಷ್ಟು ಜನ, ಯಾರಿಗೆ ಪೆಟ್ಟಾಗಿದೆ, ಇಷ್ಟು ಹೇಳಿ. ಫೋನಿನ ಚಾರ್ಜು ಹಾಡು ಕೇಳಿ ಖಾಲಿ ಮಾಡ್ಕೋಬೇಡಿ. ಚೀಲದಲ್ಲಿ ಒಂದು ಸೀಟಿ ಇರಲಿ. ಒಂದು ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಬೆಟ್ಟ ಹತ್ತೋರಿಗೆಲ್ಲ ಇದು "ಕಾಪಾಡಿ" ಅನ್ನೋ ಭಾಷೆ. ಕೂಗಿ ಗಂಟಲು ಹರ್ಕೊಳ್ಳೋದಕ್ಕಿಂತ ಸೀಟಿ ದೂರ ಕೇಳುತ್ತೆ.

ಬ್ರಹ್ಮಗಿರಿ, ಸ್ಕಂದಗಿರಿ ಇಂಥ ಬೆಟ್ಟಕ್ಕೆ ಹೋಗೋ ಮುಂಚೆ ಅನುಮತಿ ಬೇಕಾ ಅಂತ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಮಳೆಗಾಲದಲ್ಲಿ ಇನ್ನೂ ಜಾಗ್ರತೆ. 2021ರ ಆಗಸ್ಟ್‌ನಲ್ಲಿ ಜೋರು ಮಳೆ ಬಂದು ನಂದಿಬೆಟ್ಟದ ರಸ್ತೆಯ ಮೇಲೇ ಮಣ್ಣು, ಬಂಡೆ ಕುಸಿದು ದಾರಿ ಮುಚ್ಚಿಹೋಗಿತ್ತು.

ಸಿಡಿಲು, ಹೆಜ್ಜೇನು

ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗು ಬರುತ್ತೆ. ಬೆಟ್ಟದ ತುದಿ ಸಿಡಿಲಿಗೆ ಹತ್ತಿರ. ಮಿಂಚು ಕಂಡ ಕೂಡಲೇ ಒಂದು, ಎರಡು, ಮೂರು ಅಂತ ಎಣಿಸಿ. ಗುಡುಗು ಕೇಳೋವರೆಗೂ ಎಣಿಸಿ. ಮೂರಕ್ಕೆ ಒಂದು ಕಿಲೋಮೀಟರ್. ಮೂವತ್ತರ ಒಳಗೆ ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗೇ ಇದೆ. ತಡ ಮಾಡದೆ ತುದಿಯಿಂದ ಇಳಿಯಿರಿ. ಕಬ್ಬಿಣದ ಕಂಬಿ ಮುಟ್ಟಬೇಡಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ. ಇಳಿಯೋಕೆ ಆಗದೇ ಹೋದರೆ ತಗ್ಗಿನಲ್ಲಿ ಕಾಲು ಜೋಡಿಸಿ ಕುಕ್ಕರುಗಾಲಲ್ಲಿ ಕೂರಿ. ಮಲಗಬೇಡಿ. ಗುಂಪಾಗಿ ಇರದೆ ದೂರ ದೂರ ಇರಿ.

ಬಂಡೆಯ ಚಾಚಿನ ಕೆಳಗೆ ಹೆಜ್ಜೇನು ಕಟ್ಟಿರುತ್ತೆ. ಹೊಗೆ ಹಾಕೋದು, ಕಲ್ಲು ಹೊಡೆಯೋದು ಬೇಡ. ಮೈಗೆ ಸೆಂಟು ಬೇಡ. ಎದ್ದು ಬಂದರೆ ಮುಖ ಮುಚ್ಚಿಕೊಂಡು ಬೇಗ ದೂರ ಹೋಗಿ, ಕೈ ಬೀಸಬೇಡಿ.

ಹೆಂಗಸರಿಗೆ ಬೆಟ್ಟ ಯಾಕೆ?

ಹೀಗೆ ಕೇಳೋರು ಇದ್ದೇ ಇರ್ತಾರೆ. ಜಪಾನಿನ ಜುಂಕೋ ತಾಬೇ ಅನ್ನೋ ಹೆಂಗಸಿಗೂ ಕೇಳಿದ್ದರು. ಮನೆಯಲ್ಲಿ ಪುಟ್ಟ ಮಗಳು. ಎವರೆಸ್ಟಿನ ದಾರಿಯಲ್ಲಿ ಹಿಮ ಕುಸಿದು ಅವಳ ಗುಡಾರ ಮುಚ್ಚಿಹೋಯಿತು. ಎಳೆದು ಹೊರಗೆ ತೆಗೆದರು. ಹನ್ನೆರಡು ದಿನ ಆದ ಮೇಲೆ, 1975ರ ಮೇ 16ರಂದು, ಅವಳು ಎವರೆಸ್ಟ್ ತುದಿಯಲ್ಲಿ ನಿಂತಿದ್ದಳು. ಲೋಕದ ಅತಿ ಎತ್ತರದ ಬೆಟ್ಟ ಹತ್ತಿದ ಮೊದಲ ಹೆಂಗಸು ಅವಳು. ನಮ್ಮ ದೇಶದ ಬಚೇಂದ್ರಿ ಪಾಲ್ 1984ರ ಮೇ 23ರಂದು ಹತ್ತಿದಳು. ಅವಳು ಬಿ.ಎಡ್. ಓದಿದವಳು. ಮೇಷ್ಟ್ರಮ್ಮ ಆಗು ಅಂತ ಮನೆಯವರ ಆಸೆ.

ನನಗೆ ತುಂಬಾ ಇಷ್ಟವಾದದ್ದು ಪೂರ್ಣಾಳ ಕಥೆ. ಮಾಲಾವತ್ ಪೂರ್ಣಾ ಈಗಿನ ತೆಲಂಗಾಣದ ಹುಡುಗಿ. ಅಪ್ಪ ಅಮ್ಮ ಕೂಲಿ ಮಾಡ್ತಿದ್ದರು. 2014ರ ಮೇ 25ರಂದು ಎವರೆಸ್ಟ್ ಹತ್ತಿದಾಗ ಅವಳಿಗೆ ಬರೀ 13 ವರ್ಷ. ಅವಳು ಮೊದಲು ಕಲಿತದ್ದು ಹಿಮಾಲಯದಲ್ಲಿ ಅಲ್ಲ. ಹೈದರಾಬಾದ್ ಹತ್ತಿರದ ಭುವನಗಿರಿಯಲ್ಲಿ. ಅದು ನಮ್ಮ ಶಿವಗಂಗೆ, ಸಾವನದುರ್ಗದ ಥರದ್ದೇ ಬೋಳು ಬಂಡೆ. ನಮ್ಮ ರಾಜ್ಯದಲ್ಲೂ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಅಲ್ಲಿ ಹಗ್ಗ ಕಟ್ಟಿ ಬಂಡೆ ಹತ್ತೋದು ಕಲಿಸ್ತಾರೆ. ಮನೆಯಲ್ಲಿ ಮರ ಹತ್ತೋ ಮಗಳಿದ್ದರೆ ವಿಚಾರಿಸಿ ನೋಡಿ.

ಇಳಿಯೋದು

ಹತ್ತಿದ ಮೇಲೆ ಅರ್ಧ ಕೆಲಸ ಆಯಿತು, ಅಷ್ಟೇ. ಇಳಿಯುವಾಗ ಕಾಲು ಸೋತಿರುತ್ತೆ, ಬಿಸಿಲು ಏರಿರುತ್ತೆ, ಮನಸ್ಸು ಬಸ್ಸಿನ ಮೇಲೆ ಇರುತ್ತೆ. ಅದಕ್ಕೇ ಇಳಿಯುವಾಗ ಬೀಳೋದು.

ಮೆಟ್ಟಿಲಿನಲ್ಲಿ ಧಪ್ ಧಪ್ ಅಂತ ಇಳಿಯಬೇಡಿ. ಪ್ರತಿ ಹೆಜ್ಜೆಗೂ ಮೈಭಾರವೆಲ್ಲ ಮೊಣಕಾಲ ಚಿಪ್ಪಿಗೆ ಬೀಳುತ್ತೆ. ಮಂಡಿ ಸ್ವಲ್ಪ ಬಗ್ಗಿಸಿ, ಹೆಜ್ಜೆ ಚಿಕ್ಕದು ಇಡಿ. ಅಡ್ಡಡ್ಡವಾಗಿ ಇಳಿದರೆ ಪಾದ ಪೂರ್ತಿ ಊರುತ್ತೆ. ಕಡಿದಾದ ಬಂಡೆ ಬಂದಾಗ ಬಂಡೆ ಕಡೆ ಮುಖ ಮಾಡಿ, ಏಣಿ ಇಳಿಯೋ ಹಾಗೆ ಇಳಿಯಿರಿ. ಕೆಳಗಿನವರು "ಬಲಗಾಲು ಇನ್ನೂ ಸ್ವಲ್ಪ ಕೆಳಗೆ" ಅಂತ ಹೇಳಬೇಕು. ಇನ್ನೂ ಭಯ ಆದರೆ ಕೂತು, ಅಂಗೈ ಊರಿ, ಒಂದೊಂದೇ ಗೇಣು ಸರಿಯಿರಿ. ಸೀರೆ ಹಿಂದೆ ಸವೆಯುತ್ತೆ, ನಗೋರು ನಗ್ತಾರೆ. ನಗಲಿ. ಹಳೇ ಸೀರೆ ಉಡಿ ಅಂತ ಮೊದಲೇ ಹೇಳಬೇಕಿತ್ತು, ಈಗ ಹೇಳ್ತಿದ್ದೀನಿ.

ಯಾರು ನಿಧಾನವೋ ಅವರು ಮುಂದೆ. ಗಟ್ಟಿಯವರು ಹಿಂದೆ. ಬುಡಕ್ಕೆ ಬಂದ ಮೇಲೆ ತಲೆ ಎಣಿಸಿ. ಹತ್ತುವಾಗ ಎಷ್ಟು ಜನ ಇದ್ದಿರೋ ಅಷ್ಟೂ ಜನ ಬಂದ ಮೇಲೆಯೇ ಡಾಬಸ್‌ಪೇಟೆ ಕಡೆಗೆ ಹೊರಡಿ. ಮನೆಗೆ ಹೋಗಿ ಕಾಲಿಗೆ ಬಿಸಿನೀರು ಹಾಕ್ಕೊಳ್ಳಿ. ಮಾರನೇ ದಿನ ತೊಡೆ ಹಿಡ್ಕೊಂಡು ಕೂರೋದು ಏಳೋದು ಕಷ್ಟ ಆಗುತ್ತೆ. ಎರಡು ಮೂರು ದಿನದಲ್ಲಿ ಸರಿ ಹೋಗುತ್ತೆ.